ಬೆಳಕಿನ ಬಾಗು

ಎತ್ತಿನ ಗಾಡಿಯ ಕಾಲದಲ್ಲಿ ದೀಪಕ್ಕೆ ಗುರಿ ಎಂಬುದಿರಲಿಲ್ಲ. ಗಾಡಿಯ ಕೆಳಗೆ ತೂಗಾಡುತ್ತಿದ್ದ ಲಾಟೀನು ದಾರಿಯನ್ನು ತೋರಿಸುವುದಕ್ಕಿಂತ ಹೆಚ್ಚಾಗಿ, ಇಲ್ಲೊಂದು ಗಾಡಿ ಬರುತ್ತಿದೆ ಎಂದು ಎದುರಿನವರಿಗೆ ಸಾರುವುದಕ್ಕಾಗಿ ಇತ್ತು. ದಾರಿ ಎತ್ತುಗಳಿಗೆ ಗೊತ್ತಿತ್ತು. ಗಾಡಿಯವನು ಕಂಬಳಿ ಹೊದ್ದು ತೂಕಡಿಸಿದರೂ ಬೆಳಗಿನ ಜಾವಕ್ಕೆ ಮನೆ ಮುಟ್ಟುತ್ತಿದ್ದನು. ಮೋಟಾರು ಬಂದ ಮೇಲೆ ಈ ನೆಮ್ಮದಿ ಹೋಯಿತು. ಮೋಟಾರಿಗೆ ದಾರಿ ಗೊತ್ತಿಲ್ಲ; ಗೊತ್ತಿರುವವನು ಕಣ್ಣುಬಿಟ್ಟು ನೋಡುತ್ತಿರಬೇಕು, ನೋಡುವುದಕ್ಕೆ ಮುಂದೆ ಬೆಳಕು ಬೇಕು. ಆದರೆ ಅದೇ ರಸ್ತೆಯಲ್ಲಿ ಎದುರಿನಿಂದ ಬರುವವನಿಗೂ ಎರಡು ಕಣ್ಣುಗಳಿವೆ. ಒಬ್ಬನಿಗೆ ಕಾಣಿಸಬೇಕು, ಇನ್ನೊಬ್ಬನ ಕಣ್ಣು ಕಟ್ಟಬಾರದು. ಈ ಎರಡು ಧರ್ಮಗಳ ನಡುವಣ ಅಂತರ ಎಷ್ಟೆಂದು ಕೇಳಿದರೆ, ನೂರಕ್ಕೆ ಒಂದು ಭಾಗ ಎಂದು ಖಚಿತವಾಗಿಯೇ ಉತ್ತರ ಹೇಳಬಹುದು.

ಮೋಟಾರಿನ ತಗ್ಗುದೀಪ, ಚಾಲಕರ ಮಾತಿನಲ್ಲಿ ‘ಡಿಮ್ಮು’, ನೆಲಕ್ಕೆ ಸಮಾನಾಂತರವಾಗಿ ಹೊರಡುವುದಿಲ್ಲ. ಪ್ರತಿ 10 ಮೀಟರಿಗೆ ಸುಮಾರು 10 ಸೆಂಟಿಮೀಟರಿನಂತೆ ಕೆಳಕ್ಕೆ ಬಾಗುತ್ತ ಹೋಗುತ್ತದೆ. ದೀಪ ನೆಲದಿಂದ 65 ಸೆಂಟಿಮೀಟರು ಎತ್ತರದಲ್ಲಿದ್ದರೆ ಬೆಳಕಿನ ಮೇಲಂಚು 65 ಮೀಟರು ದೂರದಲ್ಲಿ ರಸ್ತೆಯನ್ನು ಮುಟ್ಟುತ್ತದೆ. ಆ ಅಂಚಿನ ಕೆಳಗೆ ಬೆಳಕು, ಮೇಲೆ ಕತ್ತಲೆ. ಎದುರಿನವನ ಕಣ್ಣು ಆ ಕತ್ತಲೆಯಲ್ಲಿ ಸುರಕ್ಷಿತವಾಗಿರುತ್ತದೆ. ದೀಪ 80 ಸೆಂಟಿಮೀಟರಿಗಿಂತ ಕೆಳಗಿರುವ ವಾಹನಗಳಲ್ಲಿ ಈ ಬಾಗು ಮೊದಲಿಗೆ ನೂರಕ್ಕೆ 1ರಿಂದ 1.5ರವರೆಗೆ ಇರಬೇಕೆಂದು ವಿಶ್ವಸಂಸ್ಥೆಯ 48ನೆಯ ವಾಹನ ನಿಯಮ ಬಹುಕಾಲದಿಂದ ಹೇಳಿಕೊಂಡು ಬಂದಿದೆ. ಎಷ್ಟೋ ಕಾರುಗಳಲ್ಲಿ ಬಾನೆಟ್ಟು ಎತ್ತಿ ನೋಡಿದರೆ ದೀಪದ ಬಳಿಯೇ ಒಂದು ಪುಟ್ಟ ಚಿತ್ರವೂ ಅದರ ಪಕ್ಕದಲ್ಲಿ ಈ ಅಂಕೆಯೂ ಅಚ್ಚಾಗಿರುತ್ತವೆ. ಕಾರಿನ ಬಣ್ಣ, ಬೆಲೆ, ಮೈಲೇಜುಗಳನ್ನು ಬಾಯಿಪಾಠ ಒಪ್ಪಿಸುವವರಲ್ಲಿ ಈ ಅಂಕೆಯನ್ನು ಕಂಡವರು ವಿರಳ.

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದು ಪೆರೇಸಂದ್ರದಲ್ಲಿ. ಬೆಂಗಳೂರಿನಿಂದ ಹೈದರಾಬಾದಿನ ಕಡೆಗೆ ಹೋಗುವ ಹೆದ್ದಾರಿ ಚಿಕ್ಕಬಳ್ಳಾಪುರವನ್ನು ದಾಟಿ ಬಾಗೇಪಲ್ಲಿಯತ್ತ ಸಾಗುವಾಗ ನಡುವೆ ಸಿಗುವ ಊರು ಇದು. ಹಿಂದೆ 7 ಎಂಬ ಸಂಖ್ಯೆಯಿದ್ದ ಈ ರಸ್ತೆಗೆ 2010ರ ಹೊಸ ಎಣಿಕೆಯಲ್ಲಿ 44 ಎಂಬ ಸಂಖ್ಯೆ ಬಂದಿತು. ಶ್ರೀನಗರದಲ್ಲಿ ತೊಡಗಿ ಕನ್ಯಾಕುಮಾರಿಯಲ್ಲಿ ಮುಗಿಯುವ ಮಹಾಮಾರ್ಗ. ಗುಡಿಬಂಡೆಯ ಕೋಟೆಯನ್ನೋ ಭೈರಸಾಗರದ ಕೆರೆಯನ್ನೋ ನೋಡಬೇಕೆನ್ನುವವರು ಇಲ್ಲಿ ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ತಿರುಗುತ್ತಾರೆ. ಹೀಗೆ ಎರಡು ಜಾತಿಯ ರಸ್ತೆಗಳು ಇಲ್ಲಿ ಕೂಡುತ್ತವೆ. ಹೆದ್ದಾರಿಯ ನಡುವೆ ವಿಭಜಕವಿದೆ, ಅದರಲ್ಲಿ ಕಣಗಿಲೆಯಂಥ ಪೊದೆಗಿಡಗಳಿವೆ. ಅವು ಬರಿಯ ಅಂದಕ್ಕೆಂದು ನಾವು ಭಾವಿಸುತ್ತೇವೆ. ಎದುರು ವಾಹನದ ಬೆಳಕನ್ನು ತಡೆಯುವುದು ಅವುಗಳ ಒಂದು ಮುಖ್ಯ ಕೆಲಸ. ಗುಡಿಬಂಡೆಯ ರಸ್ತೆಯಲ್ಲಿ ಅಂಥ ತೆರೆಯಿಲ್ಲ. ಅಲ್ಲಿ ಹೋಗುವವನೂ ಬರುವವನೂ ಒಂದೇ ಡಾಂಬರಿನ ಮೇಲೆ, ಒಬ್ಬರ ಬೆಳಕು ಇನ್ನೊಬ್ಬರ ಮುಖದ ಮೇಲೆ. ಅಂಚಿನಲ್ಲಿ ಕುರಿಮಂದೆಯನ್ನು ಅಟ್ಟಿಕೊಂಡು ಬರುವ ಮುದುಕ, ಡೈರಿಗೆ ಹಾಲಿನ ಕ್ಯಾನು ಹೊತ್ತ ಸೈಕಲ್ಲು, ಹಿಂದೆ ಕೆಂಪು ದೀಪವಿಲ್ಲದ ಟ್ರಾಕ್ಟರು, ಹೊಲದ ಕೆಲಸ ಮುಗಿಸಿ ಸಾಲಾಗಿ ನಡೆದು ಬರುವ ಹೆಂಗಸರು. ಈ ಯಾರ ಮೈಮೇಲೂ ಹೊಳೆಯುವ ಪಟ್ಟಿಯಿರುವುದಿಲ್ಲ.

ಗುಡಿಬಂಡೆಯ ಬಸ್ಸಿಗೆ ಕಾದು ಕಾದು ಬೇಸತ್ತು, ಕೂಡುರಸ್ತೆಗೆ ಸ್ವಲ್ಪ ದೂರದಲ್ಲಿದ್ದ ಒಂದು ಗ್ಯಾರೇಜಿನ ಬೆಂಚಿನ ಮೇಲೆ ಕುಳಿತೆ. ಹೊತ್ತು ಇಳಿಯುತ್ತಿತ್ತು. ಮೇಸ್ತ್ರಿ ಐವತ್ತು ದಾಟಿದ ಮನುಷ್ಯ. ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ, ಈ ಸೀಮೆಗೆ ಸಹಜವಾದ ನಾಲಿಗೆ. ಅಂಗಳದಲ್ಲಿ ಒಂದು ಬಿಳಿಯ ಸಣ್ಣ ಕಾರು ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ ಕುಕ್ಕುರುಗಾಲಿನಲ್ಲಿ ಕುಳಿತಿತ್ತು ಎಂದರೆ ಸರಿ. ಅದರ ಯಜಮಾನನಾದ ಯುವಕ ಮೂಲ ಸ್ಪ್ರಿಂಗುಗಳನ್ನು ತೆಗೆಸಿ ಗಿಡ್ಡ ಸ್ಪ್ರಿಂಗುಗಳನ್ನು ಹಾಕಿಸಿಕೊಂಡು ಬಂದಿದ್ದನು. ಚಕ್ರಕ್ಕೂ ಮೇಲಿನ ಕಮಾನಿಗೂ ನಡುವೆ ಎರಡು ಬೆರಳಿನಷ್ಟು ಸಂದು ಮಾತ್ರ ಉಳಿದಿತ್ತು.

ಕಾರನ್ನು ಏಕೆ ತಗ್ಗಿಸಬೇಕೆಂದು ಕೇಳುವುದು, ಮೀಸೆಯನ್ನು ಏಕೆ ತಿರುವಬೇಕೆಂದು ಕೇಳಿದಂತೆ. ಗುರುತ್ವಕೇಂದ್ರ ಕೆಳಗಿಳಿದರೆ ತಿರುವಿನಲ್ಲಿ ಮೈ ವಾಲುವುದು ಕಡಮೆಯಾಗುತ್ತದೆಂಬುದು ನಿಜ. ಪಂದ್ಯದ ಹಾದಿಯಲ್ಲಿ ಅದಕ್ಕೆ ಬೆಲೆಯೂ ಉಂಟು. ಹಳ್ಳಿಗೊಂದು ಉಬ್ಬು, ಉಬ್ಬಿಗೊಂದು ಗುಂಡಿ ಇರುವ ನಮ್ಮ ರಸ್ತೆಗಳಲ್ಲಿ ಹೊಟ್ಟೆ ಉಜ್ಜಿಕೊಂಡು ಹೋಗುವುದೇ ಅದರಿಂದ ದೊರೆಯುವ ಮುಖ್ಯ ಫಲವೆಂದು ನನ್ನ ಅಭಿಪ್ರಾಯ. ಕಾನೂನಿಗೂ ಈ ಅಲಂಕಾರದ ಮೇಲೆ ಅಷ್ಟಾಗಿ ಪ್ರೀತಿಯಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೊದಲು ನಮೂದಿಸಿದ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಲಮನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಆದರೂ ತಗ್ಗಿಸುವವರು ತಗ್ಗಿಸುತ್ತಲೇ ಇದ್ದಾರೆ. ತಗ್ಗಿಸಿದ ಮೇಲೆ ರಾತ್ರಿ ರಸ್ತೆಗೆ ಇಳಿಯುವಾಗ ದೀಪದ ಗತಿಯೇನು ಎಂಬುದನ್ನಾದರೂ ನೋಡಬೇಡವೆ?

ಯುವಕ ಬಂದದ್ದು ದೀಪದ ರಿಪೇರಿಗಲ್ಲ, ಬ್ರೇಕಿನ ಸದ್ದಿಗಾಗಿ. ಮಾತಿಗೆ ಮಾತು ಬಂದು, ಎದುರು ಬಂದವರೆಲ್ಲ ತನಗೆ ಲೈಟು ಮಿಣುಕಿಸಿ ಹೋಗುತ್ತಾರೆಂದು ಹೇಳಿದನು. ಕಾರಿನ ಅಂದಕ್ಕೆ ಸಲ್ಲುತ್ತಿರುವ ಮರ್ಯಾದೆಯೆಂದು ಅವನು ತಿಳಿದಂತಿತ್ತು. ಮೇಸ್ತ್ರಿ ಸ್ಪಾನರನ್ನು ಕೆಳಗಿಟ್ಟು ಕೇಳಿದನು: “ಮುಂದೆ ಎಷ್ಟು ಇಳಿಸಿದಾರಪ್ಪಾ? ಹಿಂದೆ ಎಷ್ಟು?”

“ಎರಡೂ ಕಡೆ ಸಮ ಅಂದ್ರು ಅಣ್ಣಾ. ಗಾಡಿ ಇಳಿದಿದೆಯಲ್ಲ, ಲೈಟು ಸ್ವಲ್ಪ ಮೇಲಕ್ಕೆತ್ತಿಬಿಟ್ರೆ ಸರಿಹೋಗುತ್ತೆ ಅಂತಾನೂ ಅಂದ್ರು.”

“ಅಂದ್ರು ಅನ್ನೋದು ಬಿಡು, ಅಳೆಯೋಣ.”

ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಇದೇ ಚಿಕ್ಕಬಳ್ಳಾಪುರದ ಮಗ್ಗುಲಲ್ಲಿದೆ. ಈ ನೆಲದಲ್ಲಿ ಅಳತೆಯ ಮಾತಾಡುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ಆದುದರಿಂದ ನಾನೂ ಎದ್ದು ಟೇಪಿನ ಒಂದು ತುದಿಯನ್ನು ಹಿಡಿದುಕೊಂಡೆ. ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿಗೆ ಎಷ್ಟೆಂದು ನಾಲ್ಕು ಕಡೆಯೂ ಅಳೆದು, ಅದೇ ಮಾದರಿಯ ತಗ್ಗಿಸದ ಕಾರಿನ ಅಳತೆಯೊಡನೆ ಹೋಲಿಸಿದರು. ಮುಂದೆ 3 ಸೆಂಟಿಮೀಟರು ಇಳಿದಿತ್ತು, ಹಿಂದೆ 5. ಸಮವೆಂಬುದು ಬಾಯಿಮಾತಾಗಿತ್ತು.

ವ್ಯತ್ಯಾಸ ಎರಡೇ ಸೆಂಟಿಮೀಟರು, ಇದಕ್ಕೇಕೆ ಇಷ್ಟು ಗಲಾಟೆ ಎಂದು ಓದುಗರು ನಗಬಹುದು. ಲೆಕ್ಕವನ್ನು ಸಾವಕಾಶವಾಗಿ ನೋಡೋಣ. ಕಾರಿನ ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರು, ಅಂದರೆ 250 ಸೆಂಟಿಮೀಟರು ದೂರ. ಎರಡೂ ಕಡೆ ನಿಜವಾಗಿ ಸಮನಾಗಿ 4 ಸೆಂಟಿಮೀಟರು ಇಳಿಸಿದ್ದರೆ ಬೆಳಕಿನ ಬಾಗು ಬದಲಾಗುತ್ತಲೇ ಇರಲಿಲ್ಲ. 65 ಮೀಟರಿಗೆ ಬೀಳುತ್ತಿದ್ದ ಅಂಚು 61 ಮೀಟರಿಗೆ ಬೀಳುತ್ತಿತ್ತು, ಅಷ್ಟೆ. ಅದನ್ನು ಯಾರೂ ಗಮನಿಸುತ್ತಲೂ ಇರಲಿಲ್ಲ. ಆದರೆ ಹಿಂಭಾಗ 2 ಸೆಂಟಿಮೀಟರು ಹೆಚ್ಚಾಗಿ ಇಳಿದಾಗ ಇಡೀ ಕಾರು ಮೂಗನ್ನು ಮೇಲಕ್ಕೆತ್ತುತ್ತದೆ. 250ಕ್ಕೆ 2 ಎಂದರೆ ನೂರಕ್ಕೆ 0.8. ನೂರಕ್ಕೆ ಒಂದರಂತೆ ಬಾಗಿದ್ದ ಬೆಳಕಿನಲ್ಲಿ ಈಗ ಉಳಿದ ಬಾಗು 0.2 ಮಾತ್ರ. 65 ಮೀಟರಿಗೆ ನೆಲ ಮುಟ್ಟಬೇಕಾದದ್ದು 300 ಮೀಟರಿನಾಚೆಗೂ ಮುಟ್ಟದು. ಹಿಂದಿನ ಸೀಟಿನಲ್ಲಿ ಇಬ್ಬರು ಕುಳಿತು ಇನ್ನೊಂದು ಎರಡೂವರೆ ಸೆಂಟಿಮೀಟರು ಕುಗ್ಗಿತೋ, ಬೆಳಕು ಕೆಳಕ್ಕೆ ಬಾಗುವುದನ್ನು ಬಿಟ್ಟು ಮೇಲಕ್ಕೆ ಏಳುತ್ತದೆ. 70 ಮೀಟರು ದೂರದಲ್ಲಿ ಎದುರು ಕಾರಿನವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ. ಯುವಕನಿಗೆ ಸಲ್ಲುತ್ತಿದ್ದ ಮರ್ಯಾದೆಯ ಅರ್ಥ ಇದು. ಕಾರು ಇಳಿಯಿತೆಂದು ಯಾರೋ ಹೇಳಿದಂತೆ ಲೈಟನ್ನು ಇನ್ನೂ ಎತ್ತಿದ್ದರೆ ಆಗುತ್ತಿದ್ದುದನ್ನು ಊಹಿಸಿಕೊಳ್ಳಬಹುದು.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು, ಅದು ಇನ್ನೂ ಮೋಸದ್ದು. ಮುಂದೆ 5, ಹಿಂದೆ 3 ಇಳಿದರೆ ಬಾಗು 1ರಿಂದ 1.8ಕ್ಕೆ ಏರುತ್ತದೆ, 60 ಸೆಂಟಿಮೀಟರಿಗೆ ಇಳಿದ ದೀಪದ ಬೆಳಕು 33 ಮೀಟರಿಗೇ ಮುಗಿದುಹೋಗುತ್ತದೆ. ಎದುರಿನವರು ಯಾರೂ ದೂರುವುದಿಲ್ಲ. ಮುಂದಿನ ನೆಲ ಹಾಲು ಚೆಲ್ಲಿದಂತೆ ಬೆಳಗುವುದರಿಂದ ಚಾಲಕನಿಗೂ ಬಹಳ ಚೆನ್ನಾಗಿ ಕಾಣುತ್ತಿದೆಯೆಂಬ ಭ್ರಮೆ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರು ಓಡುತ್ತದೆ. ಕಂಡದ್ದು ಮನಸ್ಸಿಗೆ ಮುಟ್ಟಿ, ಮನಸ್ಸು ಕಾಲಿಗೆ ಹೇಳಿ, ಕಾಲು ಬ್ರೇಕನ್ನು ಒತ್ತುವುದಕ್ಕೆ ಒಂದೂವರೆ ಸೆಕೆಂಡು ಬೇಕೆಂದು ಇಟ್ಟುಕೊಂಡರೆ ಅಷ್ಟರಲ್ಲಿ ಆ 33 ಮೀಟರೂ ಮುಗಿದಿರುತ್ತದೆ. ಬ್ರೇಕು ಹಿಡಿಯುವುದು ಆಮೇಲಿನ ಮಾತು. ಒಣ ರಸ್ತೆಯಲ್ಲಿಯೂ ಅದಕ್ಕೆ ಇನ್ನೂ ಅಷ್ಟೇ ದೂರ ಬೇಕು. ಕುರಿಯ ಮುದುಕ ಬೆಳಕಿನ ಅಂಚಿನಲ್ಲಿ ಕಾಣಿಸಿಕೊಂಡ ಹೊತ್ತಿಗೆ ಅವನ ಪಾಲಿಗೆ ಉಳಿದಿರುವುದು ಚಾಲಕನ ಆಶ್ಚರ್ಯ ಮಾತ್ರ.

ಕಾಣದೆ ಹೋದದ್ದರ ಬೆಲೆಯನ್ನು ಈ ಹೆದ್ದಾರಿ ಬಲ್ಲದು. 2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ಜನರನ್ನು ತುಂಬಿಕೊಂಡು ಬರುತ್ತಿದ್ದ ವಾಹನವೊಂದು ನಿಂತಿದ್ದ ಟ್ಯಾಂಕರಿಗೆ ಬಡಿದು ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ದಟ್ಟವಾದ ಮಂಜು ಕವಿದು ಮುಂದಿನದು ಕಾಣದಂತಾಗಿತ್ತೆಂದು ಅಂದಿನ ವರದಿಗಳು ಹೇಳಿದವು. ದೀಪದ ಗುರಿಗೂ ಆ ದುರಂತಕ್ಕೂ ನಾನು ಗಂಟು ಹಾಕುತ್ತಿಲ್ಲ. ನಂದಿಯ ಸಾಲಿನ ಈ ಸೀಮೆಯಲ್ಲಿ ಮಂಜು ಹೊಸದಲ್ಲ ಎಂದಷ್ಟೇ ಹೇಳಬೇಕಾಗಿದೆ. ಮೇಲಕ್ಕೆದ್ದ ಬೆಳಕು ಮಂಜಿನ ಕಣಗಳಿಗೆ ತಾಗಿ ಚಾಲಕನ ಮುಖಕ್ಕೇ ಹಿಂತಿರುಗುತ್ತದೆ, ಎದುರಿಗೆ ಬಿಳಿಯ ಗೋಡೆಯೊಂದು ಎದ್ದಂತೆ. ಬೇರೆ ದಿನಗಳಲ್ಲಿ ಪರರಿಗೆ ಮಾಡಿದ ಅಪಕಾರವನ್ನು ತಪ್ಪುಗುರಿಯ ದೀಪ ಮಂಜಿನ ದಿನ ತನ್ನ ಯಜಮಾನನಿಗೇ ಮಾಡುತ್ತದೆ.

ಅಳತೆ ಮುಗಿಯುವ ಹೊತ್ತಿಗೆ ಮುಚ್ಚಂಜೆಯಾಗಿತ್ತು. ಗ್ಯಾರೇಜಿನ ಪಕ್ಕದಲ್ಲಿ ಸುಣ್ಣ ಹೊಡೆದ ಒಂದು ಗೋಡೆಯಿತ್ತು. ಅದರ ಮುಂದಿನ ನೆಲಕ್ಕೆ ಸಿಮೆಂಟು ಹಾಕಿ ಮಟ್ಟಮಾಡಿದ್ದರು. ದೊಡ್ಡ ಊರುಗಳ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಗಾಜುಕಣ್ಣಿನ ಯಂತ್ರವಿರುತ್ತದೆ. ಅದಿಲ್ಲದ ಕಡೆ ಗೋಡೆಯೇ ಯಂತ್ರ. ಮೇಸ್ತ್ರಿ ಮೊದಲು ನಾಲ್ಕು ಟೈರುಗಳ ಗಾಳಿಯನ್ನು ನೋಡಿ ಸರಿಮಾಡಿದನು. ಡಿಕ್ಕಿಯಲ್ಲಿದ್ದ ಹಾಡಿನ ದೊಡ್ಡ ಪೆಟ್ಟಿಗೆಯನ್ನು ತೆಗೆಯಬೇಕೇ ಎಂದು ಯುವಕ ಕೇಳಿದ್ದಕ್ಕೆ, “ದಿನಾ ಇರುತ್ತೋ?” ಎಂದನು. ದಿನಾ ಇರುತ್ತದೆ. “ಹಾಗಾದ್ರೆ ಇರಲಿ, ಅದೂ ಕುಟುಂಬದೋರೇ.” ಯುವಕನನ್ನು ಚಾಲಕನ ಜಾಗದಲ್ಲಿ ಕೂರಿಸಿದನು, ಏಕೆಂದರೆ ಖಾಲಿ ಕಾರು ತಾನಾಗಿ ರಸ್ತೆಯಲ್ಲಿ ಓಡುವುದಿಲ್ಲ. ಮುಂದಿನ ಮೂಲೆಯನ್ನೊಮ್ಮೆ, ಹಿಂದಿನ ಮೂಲೆಯನ್ನೊಮ್ಮೆ ಒತ್ತಿ ಕುಲುಕಿ ಸ್ಪ್ರಿಂಗುಗಳನ್ನು ಅವುಗಳ ನೆಲೆಗೆ ಕೂರಿಸಿದನು. ಒಳಗೆ ದೀಪದ ಮಟ್ಟವನ್ನು ಏರಿಳಿಸುವ ಪುಟ್ಟ ಗಾಲಿಯನ್ನು ಸೊನ್ನೆಗೆ ತಿರುಗಿಸಲು ಹೇಳಿದನು. ಈ ಗಾಲಿ ಏತಕ್ಕಿದೆಯೆಂದು ಯುವಕನಿಗೆ ಆವರೆಗೆ ತಿಳಿದಿರಲಿಲ್ಲವೆಂಬುದು ಅವನ ಮುಖದಿಂದಲೇ ಗೊತ್ತಾಯಿತು.

ಆ ಗಾಲಿಯ ಹಿಂದೆ ಒಂದು ಸೊಗಸಾದ ಚರಿತ್ರೆಯಿದೆ. 1948ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಸಿಟ್ರೋಯೆನ್ ಸಂಸ್ಥೆ ರೈತರಿಗಾಗಿ ‘2ಸಿವಿ’ ಎಂಬ ಒಂದು ಬಡ ಕಾರನ್ನು ಹೊರತಂದಿತು. ಇಬ್ಬರು ರೈತರನ್ನೂ 50 ಕಿಲೋ ಆಲೂಗೆಡ್ಡೆಯನ್ನೂ ಹೊತ್ತು, ಉತ್ತ ಹೊಲದ ಮೇಲೆ ಹೋದರೂ ಬುಟ್ಟಿಯಲ್ಲಿನ ಮೊಟ್ಟೆ ಒಡೆಯಬಾರದೆಂಬುದು ಅದರ ಕರ್ತೃಗಳ ಸಂಕಲ್ಪ. ಹಾಗಾಗಬೇಕಾದರೆ ಸ್ಪ್ರಿಂಗು ಬಹಳ ಮೆತ್ತಗಿರಬೇಕು. ಮೆತ್ತಗಿದ್ದರೆ ಆಲೂಗೆಡ್ಡೆ ತುಂಬಿದೊಡನೆ ಹಿಂಭಾಗ ಕುಸಿದು ದೀಪ ಆಕಾಶವನ್ನು ನೋಡುತ್ತದೆ. ಆದುದರಿಂದ ಚಾಲಕ ಕುಳಿತಲ್ಲಿಂದಲೇ ದೀಪಗಳನ್ನು ಬಗ್ಗಿಸಲು ಒಂದು ಗುಂಡಿಯನ್ನು ಇಟ್ಟರು. ಅದೇ ಸಂಸ್ಥೆಯ ‘ಡಿಎಸ್’ ಎಂಬ ಕಾರಿನಲ್ಲಿ 1967ರಿಂದ ದೀಪಗಳು ತಾವಾಗಿಯೇ ಮಟ್ಟವನ್ನು ಕಾಯ್ದುಕೊಳ್ಳುವಂತಾಯಿತು. ಚಿಕ್ಕಬಳ್ಳಾಪುರದ ಆಲೂಗೆಡ್ಡೆಯನ್ನು ಬಲ್ಲ ನಮಗೆ ಫ್ರೆಂಚ್ ರೈತನ ಕಷ್ಟ ಪರಕೀಯವೆನ್ನಿಸುವುದಿಲ್ಲ. ಇತ್ತೀಚಿನ ಕೆಲವು ಬೆಲೆಬಾಳುವ ಕಾರುಗಳಲ್ಲಿ ಹಿಂದಿನ ಚಕ್ರದ ತೋಳಿಗೆ ಒಂದು ಸಂವೇದಕವನ್ನು ಕಟ್ಟಿರುತ್ತಾರೆ. ಹೊರೆ ಬಿದ್ದರೆ ಅದು ತಿಳಿದು ದೀಪವನ್ನು ತಗ್ಗಿಸುತ್ತದೆ. ಅಂಥ ಕಾರನ್ನು ಗಿಡ್ಡಮಾಡಿದರೆ ಅದು ಮಾಲೀಕನ ಶೋಕಿಯನ್ನೇ ಹೊರೆಯೆಂದು ತಿಳಿದುಕೊಳ್ಳುತ್ತದೆ. ಅದಕ್ಕೆ ಹೊಸ ಮಟ್ಟವನ್ನು ಬೇರೆಯಾಗಿ ಕಲಿಸಿಕೊಡಬೇಕು.

ಇನ್ನು ಗೋಡೆಯ ಕಡೆಗೆ. ಕಾರನ್ನು ಗೋಡೆಗೆ ಮುಟ್ಟುವಂತೆ ನಿಲ್ಲಿಸಿ, ಎರಡು ದೀಪಗಳ ನಡುಬಿಂದುಗಳನ್ನು ಸೀಮೆಸುಣ್ಣದಿಂದ ಗುರುತಿಸಿ, ನೇರವಾಗಿ 5 ಮೀಟರು ಹಿಂದಕ್ಕೆ ತಂದರು. ದೀಪದ ಎತ್ತರ ಈಗ 62 ಸೆಂಟಿಮೀಟರು. ಆ ಎತ್ತರಕ್ಕೆ ಒಂದು ಅಡ್ಡಗೆರೆ. 5 ಮೀಟರಿಗೆ ನೂರಕ್ಕೆ ಒಂದರಂತೆ 5 ಸೆಂಟಿಮೀಟರು. ಆದುದರಿಂದ 57ಕ್ಕೆ ಎರಡನೆಯ ಗೆರೆ. ಡಿಮ್ಮು ಹಾಕಿದಾಗ ಬೆಳಕಿನ ಮೇಲಂಚು ಬಿದ್ದದ್ದು 61ರ ಹತ್ತಿರ. ಗೋಡೆಯ ಮೇಲೆ ತಪ್ಪಿದ್ದುದು ಎರಡು ಬೆರಳಿನಗಲ, ರಸ್ತೆಯ ಮೇಲೆ ಇನ್ನೂರು ಮೀಟರಿಗಿಂತ ಹೆಚ್ಚು. ಒಂದು ದೀಪದ ಮೇಲೆ ಗೋಣಿಚೀಲವನ್ನು ಹೊದಿಸಿ ಇನ್ನೊಂದರ ಹಿಂದಿನ ತಿರುಪನ್ನು ಮೆಲ್ಲಮೆಲ್ಲಗೆ ತಿರುಗಿಸುತ್ತ ಬಂದಂತೆ ಬೆಳಕಿನ ಅಂಚು ಗೋಡೆಯಿಂದ ನೀರು ಇಳಿದಂತೆ ಇಳಿದು ಎರಡನೆಯ ಗೆರೆಯ ಮೇಲೆ ನಿಂತಿತು. ಆ ಅಂಚು ಪೂರ್ತಿ ಅಡ್ಡವಾಗಿರುವುದಿಲ್ಲ. ನಡುವಿನವರೆಗೆ ಅಡ್ಡವಾಗಿದ್ದು ಎಡಕ್ಕೆ ಓರೆಯಾಗಿ ಏರುತ್ತದೆ. ಎಡಬದಿಯಲ್ಲಿ ನಡೆಯುವ ನಾವು ಎಡದ ಅಂಚಿನ ಪಾದಚಾರಿಯನ್ನು ದೂರದಿಂದ ಕಾಣಲೆಂದು, ಬಲದಿಂದ ಬರುವವನ ಕಣ್ಣಿಗೆ ಬೀಳದಿರಲೆಂದು ಮಾಡಿದ ಏರ್ಪಾಡು ಅದು. ಓರೆ ತೊಡಗುವ ಮೂಲೆ ದೀಪದ ನೇರಕ್ಕೆ ಬರುವಂತೆ ಪಕ್ಕದ ತಿರುಪಿನಿಂದ ಸರಿಪಡಿಸಿದರು.

ದೀಪ ಕಣ್ಣು ಕುಕ್ಕಬಾರದೆಂದು ನಮ್ಮ ಕಾನೂನೂ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು, ದೀಪದಿಂದ 8 ಮೀಟರು ಮುಂದೆ, ಅರ್ಧ ಮೀಟರು ಬಲಕ್ಕೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣನ್ನು ಅದು ಕೋರೈಸಬಾರದೆನ್ನುತ್ತದೆ. ಒಳ್ಳೆಯ ನಿಯಮವೇ ಸರಿ. ಆದರೆ ಎಂಟು ಮೀಟರಿನಲ್ಲಿ ಸಾಧುವಾಗಿರುವ ದೀಪ ಐವತ್ತು ಮೀಟರಿನಲ್ಲಿಯೂ ಸಾಧುವಾಗಿರಬೇಕೆಂದೇನೂ ಇಲ್ಲ. ನೂರಕ್ಕೆ ಒಂದರಂತೆ ಮೇಲಕ್ಕೆದ್ದ ಬೆಳಕು 8 ಮೀಟರಿನಲ್ಲಿ ನೆಲದಿಂದ ಮುಕ್ಕಾಲು ಮೀಟರೂ ಏರಿರುವುದಿಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. 50 ಮೀಟರಿನಲ್ಲಿ ಅದು ಎದುರು ಚಾಲಕನ ಹುಬ್ಬಿನ ನಡುವೆ ಇರುತ್ತದೆ. ಒಂದು ಕಾಲಕ್ಕೆ ನಮ್ಮಲ್ಲಿ ದೀಪದ ಗಾಜಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುವ ಪದ್ಧತಿಯಿತ್ತು. ರೋಗ ಕಣ್ಣಿನಲ್ಲಿದ್ದರೆ ರೆಪ್ಪೆಗೆ ಔಷಧ ಹಚ್ಚಿದಂತೆ ಅದು. ಈಗಿನ ಹಾವಳಿ ಬೇರೆ: ಹಳೆಯ ಬಲ್ಬಿಗಾಗಿ ರೂಪಿಸಿದ ಬಟ್ಟಲಿನೊಳಗೆ ಸಂತೆಯ ಎಲ್‌ಇಡಿ ಬಲ್ಬನ್ನು ತುರುಕುವುದು. ಬೆಳಕು ಹುಟ್ಟುವ ಜಾಗವೇ ತಪ್ಪಿದ ಮೇಲೆ ಅಂಚೆಂಬುದೇ ಉಳಿಯುವುದಿಲ್ಲ, ತಿರುಪನ್ನು ಎಷ್ಟು ತಿರುಗಿಸಿದರೂ ಅಷ್ಟೆ. ಅಂಥವನ್ನು ಈ ಮೇಸ್ತ್ರಿ ಗೋಡೆಯ ಮುಂದಕ್ಕೆ ಬಿಟ್ಟುಕೊಳ್ಳುವುದಿಲ್ಲವಂತೆ.

“ಹದಿನೈದು ದಿವಸ ಬಿಟ್ಟು ಬಾ. ಹೊಸ ಸ್ಪ್ರಿಂಗು ಇನ್ನೂ ಸ್ವಲ್ಪ ಕೂರುತ್ತೆ,” ಎಂದು ಹೇಳಿ ಅವನು ಯುವಕನನ್ನು ಕಳುಹಿಸಿದನು. ಅಷ್ಟರಲ್ಲಿ ಒಂದು ಟೆಂಪೋ ಬಂದು ನಿಂತಿತ್ತು. ಚಿಂತಾಮಣಿ, ಕೋಲಾರಗಳ ಮಾರುಕಟ್ಟೆಗೆ ಟೊಮ್ಯಾಟೊ ಸಾಗಿಸುವ ಗಾಡಿ. ಅದರ ಡ್ರೈವರು ಗೋಡೆಯ ಗೆರೆಗಳನ್ನು ನೋಡಿ ತನ್ನದನ್ನೂ ಸರಿಮಾಡೆಂದು ಕೇಳಿದನು. ಕಾರನ್ನು ತಗ್ಗಿಸುವವರು ನೂರಕ್ಕೆ ಒಬ್ಬರಿದ್ದಾರು. ಹೊರೆ ಹೇರಿ ಹಿಂಭಾಗವನ್ನು ತಗ್ಗಿಸುವವರು ಈ ಸೀಮೆಯಲ್ಲಿ ಪ್ರತಿ ರಾತ್ರಿಯೂ ಇದ್ದಾರೆ, ಶಿಡ್ಲಘಟ್ಟಕ್ಕೆ ಗೂಡು, ಪೇಟೆಗೆ ದ್ರಾಕ್ಷಿ, ಹೂವು, ತರಕಾರಿ. ಹಿಂದಿನ ಪಟ್ಟಿಗಳು 10 ಸೆಂಟಿಮೀಟರು ಕುಗ್ಗಿದರೆ, ಚಕ್ರಗಳ ಅಂತರ ಎರಡೂವರೆ ಮೀಟರೇ ಎಂದಿಟ್ಟುಕೊಂಡರೂ, ಬಾಗು ನೂರಕ್ಕೆ 4ರಷ್ಟು ಏರುಪೇರಾಗುತ್ತದೆ. ಖಾಲಿಯಿದ್ದಾಗ ಸರಿಯಾಗಿದ್ದ ದೀಪ ತುಂಬಿದಾಗ 13 ಮೀಟರಿನಾಚೆಗಿನ ಪ್ರತಿಯೊಂದು ಕಣ್ಣಿಗೂ ನೇರವಾಗಿ ನುಗ್ಗುತ್ತದೆ. ತುಂಬಿದಾಗ ಸರಿಯಾಗುವಂತೆ ಮಾಡಿದರೆ, ಖಾಲಿಯಿದ್ದಾಗ 80 ಸೆಂಟಿಮೀಟರು ಎತ್ತರದ ದೀಪ 16 ಮೀಟರಿಗೇ ನೆಲಕಚ್ಚುತ್ತದೆ. ಮಟ್ಟದ ಗುಂಡಿ ಈ ಗಾಡಿಯಲ್ಲಿ ಕೆಟ್ಟು ಬಹಳ ದಿನವಾಗಿತ್ತು. ಅದನ್ನು ಹಾಕಿಸುವವರೆಗೆ ಏನು ಮಾಡುವುದು? ನನಗೆ ಇದು ಬಿಡಿಸಲಾಗದ ಗಂಟೆಂದು ತೋರಿತು.

ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ. “ಲೋಡು ಎಷ್ಟೊತ್ತಿಗೆ ಹೋಗುತ್ತೆ?”

“ರಾತ್ರಿ ಎರಡಕ್ಕೆ ಬಿಡ್ತೀನಣ್ಣಾ.”

“ವಾಪಸ್ಸು?”

“ಬೆಳಿಗ್ಗೆ ಹತ್ತಾಗುತ್ತೆ. ಖಾಲಿ ಗಾಡಿ.”

“ಹತ್ತು ಗಂಟೆಗೆ ನಿಂಗೆ ಲೈಟು ಯಾಕೆ ಬೇಕು? ಲೋಡಿಗೇ ಇಡೋಣ. ಎಷ್ಟು ಕ್ರೇಟು ಹಾಕ್ತೀಯ?”

“ಅರವತ್ತು.”

“ಅರವತ್ತೂ ಹಾಕ್ಕೊಂಡೇ ಬಾ ಹಾಗಾದ್ರೆ. ನಾನಿಲ್ಲೇ ಮಲಗಿರ್ತೀನಿ, ಬಾಗಿಲು ತಟ್ಟು.”

ಅವನು ಗೋಡೆಯ ಹಳೆಯ ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ತುಂಡನ್ನು ಕಿಟಕಿಯ ಮೇಲಿಟ್ಟನು. ಗುಡಿಬಂಡೆಯ ಬಸ್ಸು ಬಂದಿತು.